63 ಪೌಂಡಿನ ಕಿಲ್ಟ್

ಜನವರಿ 25 ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಆ ದಿನದ ಆಸುಪಾಸಿನಲ್ಲಿ ಇಲ್ಲಿನ ಊರೂರುಗಳಲ್ಲಿ ಅವನ ಹೆಸರಿನ ಔತಣಕೂಟಗಳು ನಡೆಯುತ್ತವೆ. ಕುರಿಯ ಒಳಾಂಗಗಳಿಂದ ಮಾಡಿದ ಹ್ಯಾಗಿಸ್ ಎಂಬ ಖಾದ್ಯವನ್ನು ಬ್ಯಾಗ್‌ಪೈಪ್ ಊದುತ್ತಾ ಮೆರವಣಿಗೆಯಲ್ಲಿ ತಂದು, ಅದನ್ನು ಕುರಿತು ಬರ್ನ್ಸ್ ಬರೆದ ಪದ್ಯವನ್ನೇ ಹೇಳಿ, ಚಾಕುವಿನಿಂದ ಸೀಳಿ ಬಡಿಸುತ್ತಾರೆ. (ಬೇಳೆಕಾಳುಗಳ ಸಸ್ಯಾಹಾರಿ ಹ್ಯಾಗಿಸ್ ಕೂಡ ಸಿಗುತ್ತದೆ. ಊರಿನಲ್ಲಿರುವ ಹಿರಿಯರು ಗಾಬರಿಪಡಬೇಕಾಗಿಲ್ಲ.) ಊಟದ ಬಳಿಕ ಕೇಲಿ ಎಂಬ ಸಾಮೂಹಿಕ ನೃತ್ಯ.

ನಾನಿರುವ ಡಂಡಿ ನಗರದಲ್ಲಿ, ನಮ್ಮ ವಾರ್ಡಿನವರೂ ಪ್ರತಿವರ್ಷ ಇಂಥದೊಂದು ಕೂಟ ನಡೆಸುತ್ತಾರೆ. ಈ ಸಲದ ಆಮಂತ್ರಣದಲ್ಲಿ ‘ಕಿಲ್ಟ್ ಅಥವಾ ಸೂಟ್’ ಎಂದು ನಮೂದಿಸಿದ್ದರು. ನಾಲ್ಕು ತಿಂಗಳ ಹಿಂದೆ ಮಂಗಳೂರಿನಿಂದ ಬಂದು ನಮ್ಮ ವಿಭಾಗ ಸೇರಿದ್ದ ಕಿರಿಯ ವೈದ್ಯನೊಬ್ಬ ಆ ದಿನ ತನಗೆ ರಾತ್ರಿಪಾಳಿಯಿದೆ ಎಂದು ವಾರ್ಡ್ ಸಿಸ್ಟರಿಗೆ ಹೇಳಿಬಿಟ್ಟ. ಪಾಳಿಯ ಪಟ್ಟಿ ನನ್ನ ಮೇಜಿನ ಮೇಲೆಯೇ ಇತ್ತು. ಅವನಿಗೆ ಅಂದು ರಜೆ.

ಸುಳ್ಳನ್ನು ಗುರುತಿಸಲು ಪಟ್ಟಿಯೇ ಬೇಕಿರಲಿಲ್ಲ. ಇಪ್ಪತ್ನಾಲ್ಕು ವರ್ಷಗಳ ಹಿಂದೆ ಇದೇ ಸುಳ್ಳನ್ನು ನಾನೂ ಹೇಳಿದ್ದೆ. ಏನುಡಬೇಕೆಂದು ತಿಳಿಯದೆ, ಯಾರನ್ನೂ ಕೇಳಲು ನಾಚಿ, ಆಸ್ಪತ್ರೆಯ ವಸತಿಗೃಹದ ಕೋಣೆಯಲ್ಲಿ ಚಿತ್ರಾನ್ನ ಕಲಸಿಕೊಂಡು ತಿಂದು ಮಲಗಿದ್ದೆ. ಕೆಳಗಿನ ರಸ್ತೆಯಲ್ಲಿ ಸಹೋದ್ಯೋಗಿಗಳು ನಗುತ್ತಾ ಹಿಂದಿರುಗುತ್ತಿದ್ದ ಸದ್ದು ಕೇಳಿಸಿತ್ತು. ಮುಂದಿನ ಎರಡು ವರ್ಷ ನನ್ನನ್ನು ಯಾರೂ ಕರೆಯಲಿಲ್ಲ. ಕರೆದರೂ ಬಾರದವನೆಂದು ಅವರು ಭಾವಿಸಿದ್ದರಲ್ಲಿ ತಪ್ಪೇನಿರಲಿಲ್ಲ.

ಹುಡುಗನನ್ನು ಕರೆದು ವಿಚಾರಿಸಿದೆ. ಬಾಡಿಗೆ ಅಂಗಡಿಯಲ್ಲಿ ಒಂದು ಸಂಜೆಯ ಪೂರ್ಣ ಉಡುಪಿಗೆ 85 ಪೌಂಡ್ ಕೇಳಿದರಂತೆ, ಅಂದರೆ ಹಲವು ಸಾವಿರ ರೂಪಾಯಿ. ಪರೀಕ್ಷೆಗಳಿಗೂ ಪ್ರಯಾಣಕ್ಕೂ ತಾಯಿಯ ಹೆಸರಿನಲ್ಲಿ ಮಾಡಿದ ಸಾಲದ ಕಂತು ತಿಂಗಳು ತಿಂಗಳು ಹೋಗಬೇಕು. “ಸಂದರ್ಶನಕ್ಕೆ ಹೊಲಿಸಿದ ಸೂಟ್ ಇದೆಯಲ್ಲ, ಅದೇ ಸಾಲದೇ?” ಎಂದೆ. “ಸಾಕು ಸರ್. ಆದರೆ ಆಸೆ” ಎಂದ. ಅದಕ್ಕೆ ಎದುರುತ್ತರವಿಲ್ಲ. ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟೆವು.

ಹೊಸದಾಗಿ ಅಳತೆ ಕೊಟ್ಟು ಕೈಯಿಂದ ಹೊಲಿಸಿದ ಉಣ್ಣೆಯ ಕಿಲ್ಟಿಗೆ ಐದುನೂರು ಪೌಂಡ್ ದಾಟುವುದು ಸಾಮಾನ್ಯ. ಸಾಂಪ್ರದಾಯಿಕ ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುತ್ತದೆ, ನಮ್ಮ ಸೀರೆಗಿಂತ ಹೆಚ್ಚು. ಅದರ ಬಹುಪಾಲು ಹಿಂಬದಿಯ ನಿರಿಗೆಗಳಲ್ಲಿ ಅಡಗಿರುತ್ತದೆ. ನಮ್ಮ ಸೀರೆ, ಪಂಚೆಗಳ ನಿರಿಗೆ ಮುಂದೆ, ಇವರದು ಹಿಂದೆ. ಕೃತಕ ನೂಲಿನ ಅಗ್ಗದ ಕಿಲ್ಟುಗಳು ಪ್ರವಾಸಿಗರ ಅಂಗಡಿಗಳಲ್ಲಿ ಸಿಗುತ್ತವೆ, ಆದರೆ ಹಗುರವಾದ ಬಟ್ಟೆಯ ನಿರಿಗೆ ಕೆಳಗಿಳಿದು ನಿಲ್ಲುವುದಿಲ್ಲ. ಆದ್ದರಿಂದ ಕಡಿಮೆ ಹಣವುಳ್ಳವನು ಹುಡುಕಬೇಕಾದದ್ದು ಹೊಸ ಅಗ್ಗದ ಕಿಲ್ಟನ್ನಲ್ಲ, ಹಳೆಯ ಉಣ್ಣೆಯದನ್ನು. ದತ್ತಿಸಂಸ್ಥೆಗಳು ನಡೆಸುವ ಹಳೆ ಬಟ್ಟೆಯ ಅಂಗಡಿಗಳು, ಅಂದರೆ ಚಾರಿಟಿ ಶಾಪ್‌ಗಳು, ಇಲ್ಲಿ ಬೀದಿಗೊಂದಿವೆ. ಹಿರಿಯರು ತೀರಿಕೊಂಡಾಗ ಅವರ ಬೀರುವಿನಲ್ಲಿದ್ದುದು ಅಲ್ಲಿಗೆ ಬರುತ್ತದೆ.

ಮೂರನೆಯ ಅಂಗಡಿಯಲ್ಲಿ 30 ಪೌಂಡಿಗೆ ಒಂದು ದೊರೆಯಿತು. ಬೆಳಕಿಗೆ ಹಿಡಿದು ನುಸಿ ತಿಂದ ತೂತುಗಳಿವೆಯೇ ಎಂದು ನೋಡಿದೆವು. ಒಳಪದರದಲ್ಲಿ ಒಂದೆರಡು ಇದ್ದವು, ಹೊರಗೆ ಕಾಣುವಂತಿರಲಿಲ್ಲ. ಹೊಸಬರು ಸಾಮಾನ್ಯವಾಗಿ ಎಡವುವುದು ಅಳತೆಯಲ್ಲಿ. ಪ್ಯಾಂಟು ಸೊಂಟದ ಕೆಳಗೆ ನಿಂತರೆ ಕಿಲ್ಟ್ ಹೊಕ್ಕುಳಿನ ಮಟ್ಟದಲ್ಲಿ ನಿಲ್ಲುತ್ತದೆ. ಜೀನ್ಸ್‌ನ ಅಳತೆ ಹೇಳಿ ಕೊಂಡವನು ಮೋಸಹೋದಂತೆಯೇ. ಕೆಳ ಅಂಚು ಮಂಡಿಚಿಪ್ಪಿನ ನಡುವಿಗೆ ಬರಬೇಕು. ಅದಕ್ಕಿಂತ ಇಳಿದರೆ ಲಂಗದಂತೆ ಕಾಣುತ್ತದೆ, ಮತ್ತು ಲಂಗವೆಂಬ ಮಾತನ್ನು ಇಲ್ಲಿನವರ ಎದುರು ಆಡದಿರುವುದು ಕ್ಷೇಮ. ಇದರ ಸೊಂಟ ಎರಡಂಗುಲ ಸಡಿಲವಿತ್ತು. ಪಕ್ಕದ ಬಕಲ್ಲುಗಳನ್ನು ಬಿಚ್ಚಿ ಸರಿಸಿ ಹೊಲಿದರೆ ಸಾಕು ಎಂದು ನನ್ನ ಹೆಂಡತಿ ದೂರವಾಣಿಯಲ್ಲೇ ತೀರ್ಪಿತ್ತಳು, ಸಂಜೆ ಹೊಲಿದೂ ಕೊಟ್ಟಳು.

ಹುಡುಗನಿಗೆ ಬೇರೊಂದು ಅಳುಕು. ಈ ಚೌಕುಳಿಗಳೆಲ್ಲ ಒಂದೊಂದು ಮನೆತನದವಲ್ಲವೇ, ನಾನುಡಬಹುದೇ ಎಂದ. ಉಡಬಾರದೆಂಬ ಕಾನೂನಿಲ್ಲ. ಕಾನೂನು ಇದ್ದದ್ದು ಬೇರೆ ಬಗೆಯದು. ದಂಗೆಯೆದ್ದ ಹೈಲ್ಯಾಂಡ್ ಜನರನ್ನು ಮಣಿಸಲು 1746ರಲ್ಲಿ ಲಂಡನ್ನಿನ ಸಂಸತ್ತು ಅವರ ಗಂಡಸರಿಗೆ ಈ ಉಡುಪನ್ನೇ ನಿಷೇಧಿಸಿತು. 1782ರವರೆಗೆ ಅದು ರದ್ದಾಗಲಿಲ್ಲ. ಸೈನಿಕರಿಗೆ ಮಾತ್ರ ವಿನಾಯಿತಿ. ನಮ್ಮ ಕೈಯಲ್ಲಿದ್ದ ಕಡುಹಸಿರು, ಕಡುನೀಲಿ, ಕಪ್ಪು ಚೌಕುಳಿಯ ಬಟ್ಟೆ ಅಂಥದೇ ಒಂದು ಪಡೆಯದು, ಬ್ಲ್ಯಾಕ್ ವಾಚ್. ಮನೆತನದ ಹಂಗಿಲ್ಲದವರು ಧರಿಸುವುದು ಹೆಚ್ಚಾಗಿ ಇದನ್ನೇ.

ಇಲ್ಲಿ ನಾನು ಒಂದು ಸಂಗತಿಯನ್ನು ಅವನಿಂದ ಮುಚ್ಚಿಡಲಾಗಲಿಲ್ಲ. 1783ರಲ್ಲಿ ಟಿಪ್ಪು ಸುಲ್ತಾನನ ಸೇನೆ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದವರಲ್ಲಿ ಈ ಪಡೆಯ ಎರಡನೆಯ ಬೆಟಾಲಿಯನ್ ಇತ್ತು. ಹಸಿವು, ಕಾಯಿಲೆಗಳಿಂದ ನವೆದು ಅದು 1784ರ ಜನವರಿಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟಿತು. ಪಡೆಯ ಯುದ್ಧಗೌರವಗಳ ಪಟ್ಟಿಯಲ್ಲಿ ಇಂದಿಗೂ ‘ಮಂಗಳೂರು’ ಇದೆ. ಅದರ ವಸ್ತುಸಂಗ್ರಹಾಲಯ ಇಲ್ಲಿಗೆ ಸಮೀಪದ ಪರ್ತ್ ಊರಿನಲ್ಲಿದೆ. ಅವನು ಕಿಲ್ಟನ್ನು ಹಿಂದುಮುಂದು ತಿರುಗಿಸಿ ನೋಡಿದ. “ಬೇರೆ ಯಾವುದೂ ನನ್ನ ಸೊಂಟಕ್ಕೆ ಆಗುವುದಿಲ್ಲವಲ್ಲ ಸರ್” ಎಂದು ಹಣ ಕೊಟ್ಟ.

ಕಿಲ್ಟ್ ಯಾವ ಹೊತ್ತಿಗೂ ಒಂದೇ. ಅದು ಹಗಲಿನದೋ ಸಂಜೆಯದೋ ಎಂಬುದನ್ನು ನಿರ್ಧರಿಸುವುದು ಜೊತೆಯ ವಸ್ತುಗಳು. ಬೋ ಟೈ ಕಟ್ಟುವಂಥ ವಿಧ್ಯುಕ್ತ ಕೂಟಕ್ಕಾದರೆ ಪ್ರಿನ್ಸ್ ಚಾರ್ಲಿ ಎಂಬ ಗಿಡ್ಡ ಕರಿಯ ಕೋಟು ಬೇಕು, ಆದರೆ ನಮ್ಮದು ಅಷ್ಟು ಬಿಗುವಿನದಲ್ಲ. ಸೂಟಿನ ಕೋಟನ್ನೇ ಮೇಲೆ ಹಾಕಿಕೊಳ್ಳುತ್ತೇನೆಂದ. ಬೇಡವೆಂದೆ. ಸೂಟಿನ ಕೋಟು ಉದ್ದ, ಕಿಲ್ಟಿನ ಅರ್ಧವನ್ನು ಮುಚ್ಚಿ ಆಳನ್ನು ಕುಳ್ಳನನ್ನಾಗಿಸುತ್ತದೆ. ಅದರ ಬದಲು 6 ಪೌಂಡಿಗೆ ಬೂದು ಬಣ್ಣದ ಟ್ವೀಡ್ ವೇಸ್ಟ್‌ಕೋಟ್ ಕೊಂಡೆವು. ಅವನದೇ ಬಿಳಿಯ ಅಂಗಿ, ಒಂದೇ ಬಣ್ಣದ ಕಡುಹಸಿರು ಟೈ. ವೇಸ್ಟ್‌ಕೋಟ್ ತೊಟ್ಟರೆ ಅಗಲದ ಬೆಲ್ಟ್ ಕಟ್ಟುವ ಪದ್ಧತಿಯಿಲ್ಲ, ಆ ಖರ್ಚೂ ಉಳಿಯಿತು. ಎದೆಯಲ್ಲಿ ದಾರ ಹೆಣೆದ, ಸಿನಿಮಾದಲ್ಲಿ ಕಾಣುವ ಅಂಗಿಯ ಮೋಹಕ್ಕೆ ಬೀಳಬೇಡಿರೆಂದು ಹೊಸಬರಿಗೆ ನನ್ನ ಸಲಹೆ. ಅದನ್ನು ಹಾಕಿದವನು ಅತಿಥಿಯಂತೆ ಕಾಣದೆ ವೇಷಧಾರಿಯಂತೆ ಕಾಣುತ್ತಾನೆ.

ಸ್ಪೋರನ್ ಎಂದರೆ ಮುಂದೆ ಸರಪಳಿಯಲ್ಲಿ ತೂಗುವ ಚೀಲ, ಏಕೆಂದರೆ ಕಿಲ್ಟಿಗೆ ಜೇಬಿಲ್ಲ. ಬರೀ ಚರ್ಮದ್ದು ಹಗಲಿಗೆ, ಬೆಳ್ಳಿಯ ಪಟ್ಟಿಯ ತುಪ್ಪಳದ್ದು ವಿಧ್ಯುಕ್ತ ರಾತ್ರಿಗೆ, ಮುಂಭಾಗ ತುಪ್ಪಳ ಮುಚ್ಚಳ ಚರ್ಮ ಆಗಿದ್ದರೆ ನಡುವಿನ ಇಂಥ ಸಂಜೆಗೆ. ಬಾಡಿಗೆ ಅಂಗಡಿಗಳು ಹಳೆಯದಾದ ಸರಕನ್ನು ಮಾರಿಬಿಡುತ್ತವೆ, ಕೇಳಬೇಕು ಅಷ್ಟೆ. ಅಲ್ಲಿ 15 ಪೌಂಡಿಗೆ ಸಿಕ್ಕಿತು. ಮಂಡಿಯ ಕೆಳಗೆ ಮಡಚುವ ಉಣ್ಣೆಯ ಕಾಲುಚೀಲ 8 ಪೌಂಡ್, ಅದನ್ನು ಹಿಡಿದುನಿಲ್ಲಿಸುವ ಬಣ್ಣದ ಪಟ್ಟಿಗಳು 4. ಉದ್ದ ಲೇಸಿನ ವಿಶೇಷ ಬೂಟು ಕೊಳ್ಳಲಿಲ್ಲ. ಆಸ್ಪತ್ರೆಗೆ ಹಾಕುವ ಕರಿಯ ಬೂಟನ್ನೇ ಉಜ್ಜಿ ಹೊಳೆಯಿಸಿದ. ಕಾಲುಚೀಲದಲ್ಲಿ ಸಿಕ್ಕಿಸುವ ಸ್ಕೀನ್ ಡೂ ಎಂಬ ಪುಟ್ಟ ಬಾಕು ರಾಷ್ಟ್ರೀಯ ಉಡುಪಿನ ಭಾಗವೆಂದು ಕಾನೂನು ಒಪ್ಪುತ್ತದೆ, ಆದರೂ ಅದನ್ನು ಬಿಟ್ಟೆವು. ಮೇಲ್ಪದರದ ಮೂಲೆಗೆ ಚುಚ್ಚುವ ಪಿನ್ನಿಗೆ ಬದಲಾಗಿ ನನ್ನ ಹೆಂಡತಿ ತನ್ನ ಸೆರಗಿನ ಪಿನ್ನನ್ನು ಕೊಟ್ಟಳು. ಅದನ್ನು ಮೇಲ್ಪದರಕ್ಕೆ ಮಾತ್ರ ಚುಚ್ಚಬೇಕು. ಎರಡೂ ಪದರಗಳನ್ನು ಸೇರಿಸಿ ಚುಚ್ಚಿದರೆ ಕುಳಿತಾಗ ಬಟ್ಟೆ ಹರಿಯುತ್ತದೆ. ಇದು ನನ್ನ ಸ್ವಂತ ಅನುಭವ, ವಿವರ ಬೇಡ.

ಒಟ್ಟು 63 ಪೌಂಡ್. ಬಾಡಿಗೆಗಿಂತ ಕಡಿಮೆ, ಮೇಲಾಗಿ ಸ್ವಂತದ್ದು.

ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಅಭ್ಯಾಸ. ಕುರ್ಚಿಯಲ್ಲಿ ಕೂರುವಾಗ ಎರಡೂ ಕೈಗಳಿಂದ ಹಿಂದಿನ ನಿರಿಗೆಯನ್ನು ಸವರಿ ಕೂರಬೇಕೆಂದು ನಾನು ವಿವರಿಸುತ್ತಿದ್ದರೆ, ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಕಿಲ್ಟಿನ ಒಳಗೆ ಏನು ಎಂಬ ಜಗತ್ಪ್ರಸಿದ್ಧ ಪ್ರಶ್ನೆಯನ್ನು ಅವನು ಪಿಸುದನಿಯಲ್ಲಿ ಕೇಳಿದ. ನೃತ್ಯದಲ್ಲಿ ಗಿರಗಿರನೆ ತಿರುಗಿಸುತ್ತಾರೆ, ನಿರಿಗೆ ಹಾರುತ್ತದೆ, ಚಡ್ಡಿ ಹಾಕಿಕೋ ಎಂದು ವೈದ್ಯಕೀಯ ಸಲಹೆ ನೀಡಿದೆ.

ಕೂಟದಲ್ಲಿ ಅವನನ್ನು ಯಾರೂ ವಿಶೇಷವಾಗಿ ದಿಟ್ಟಿಸಲಿಲ್ಲ. ನಿವೃತ್ತಿಯ ಅಂಚಿನಲ್ಲಿರುವ ನಮ್ಮ ಪೋರ್ಟರ್ ಒಬ್ಬರು ಬಂದು, ಸ್ಪೋರನ್ ತೀರ ಕೆಳಗಿದೆಯೆಂದು ಸರಪಳಿಯನ್ನು ಎರಡು ಕೊಂಡಿ ಮೇಲಕ್ಕೆ ಸಿಕ್ಕಿಸಿ, ಬೆನ್ನು ತಟ್ಟಿ ಹೋದರು, ಅಷ್ಟೆ. ‘ಸ್ಟ್ರಿಪ್ ದ ವಿಲೋ’ ಎಂಬ ಕುಣಿತ ಶುರುವಾದಾಗ ಹೆಚ್ಚಿನವರು ಕೋಟು ಕಳಚಿಟ್ಟು ವೇಸ್ಟ್‌ಕೋಟಿನಲ್ಲೇ ಇದ್ದರು. ವಾರ್ಡ್ ಸಿಸ್ಟರ್ ಅವನ ತೋಳು ಹಿಡಿದು ಸಾಲಿನೊಳಕ್ಕೆ ಎಳೆದುಕೊಂಡರು. ಅವನು ತಪ್ಪು ದಿಕ್ಕಿಗೆ ತಿರುಗಿದ, ಮೂವರಿಗೆ ಡಿಕ್ಕಿ ಹೊಡೆದ, ಮತ್ತೆ ಸಾಲು ಸೇರಿದ.

ಆ ರಾತ್ರಿ ಅವನು ತಾಯಿಗೆ ಚಿತ್ರ ಕಳುಹಿಸಿದ. ಅವರು ಬೆಳಗಿನ ಜಾವವೇ ಕರೆ ಮಾಡಿ ಕೇಳಿದ್ದು ಎರಡು ಪ್ರಶ್ನೆ. ಕಾಲಿಗೆ ಚಳಿಯಾಗಲಿಲ್ಲವೇ? ಇದಕ್ಕೆಷ್ಟಾಯಿತು? ಅವನು ನಿಜವಾದ ಮೊತ್ತವನ್ನೇ ಹೇಳಿದನಂತೆ. ಕಿಲ್ಟ್ ಈಗ ನಮ್ಮ ಮನೆಯ ಬೀರುವಿನಲ್ಲಿ ನುಸಿಗುಳಿಗೆಗಳ ನಡುವೆ ತೂಗುತ್ತಿದೆ, ಏಕೆಂದರೆ ಅವನ ಬಾಡಿಗೆ ಕೋಣೆಯ ಗೋಡೆಯಲ್ಲಿ ತೇವ. ಮಾರ್ಚಿನಲ್ಲಿ ಸಹೋದ್ಯೋಗಿಯೊಬ್ಬರ ಮದುವೆ. ಅವನಿಗೂ ಕರೆ ಬಂದಿದೆ.