ಎಂಜಿನಿಯರ್‌ಗಳ ಸಂಸ್ಥೆ: ಸದಸ್ಯತ್ವದ ತೂಕ ಎಷ್ಟು?

ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಇಂಡಿಯಾ, ಚಿಕ್ಕದಾಗಿ ಐಇಐ, ಎಲ್ಲ ಶಾಖೆಗಳ ಎಂಜಿನಿಯರ್‌ಗಳನ್ನೂ ಒಂದೇ ಸೂರಿನಡಿ ತಂದ ನಮ್ಮ ಹಳೆಯ ವೃತ್ತಿಸಂಸ್ಥೆ. ದೇಶಕ್ಕೆ ಇಂಥದೊಂದು ಸಂಸ್ಥೆ ಬೇಕು ಎಂದು ಮೊದಲ ಮಹಾಯುದ್ಧದ ಕಾಲದ ಕೈಗಾರಿಕಾ ಆಯೋಗ ಹೇಳಿತ್ತು. 1920ರಲ್ಲಿ ಅದು ಮದ್ರಾಸಿನಲ್ಲಿ ನೋಂದಣಿಯಾಯಿತು, ಮರುವರ್ಷ ಕಲ್ಕತ್ತೆಯಲ್ಲಿ ವೈಸ್‌ರಾಯ್ ಚೆಮ್ಸ್‌ಫರ್ಡ್ ಉದ್ಘಾಟಿಸಿದರು. ಆಯೋಗದ ಅಧ್ಯಕ್ಷರಾಗಿದ್ದ ಥಾಮಸ್ ಹಾಲೆಂಡ್ ಅವರೇ ಸಂಸ್ಥೆಗೂ ಮೊದಲ ಅಧ್ಯಕ್ಷರು. 1935ರಲ್ಲಿ ಬ್ರಿಟಿಷ್ ದೊರೆಯ ಸನ್ನದು ಸಿಕ್ಕಿತು. ಕೇಂದ್ರ ಕಚೇರಿ ಇಂದಿಗೂ ಕೋಲ್ಕತ್ತದ ಗೋಖಲೆ ರಸ್ತೆಯಲ್ಲಿದೆ. ಕರ್ನಾಟಕ ರಾಜ್ಯ ಕೇಂದ್ರ ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಎಂಜಿನಿಯರ್‌ಗಳ ದಿನವಾಗಿ ಆಚರಿಸುವ ಪದ್ಧತಿ ಬೆಳೆದದ್ದು ಈ ಸಂಸ್ಥೆಯ ಮೂಲಕವೇ.

ಸದಸ್ಯತ್ವದಲ್ಲಿ ಮೆಟ್ಟಿಲುಗಳಿವೆ. ಪದವಿ ಮುಗಿಸಿದವರು ಅಸೋಸಿಯೇಟ್ ಮೆಂಬರ್, ಕೆಲವು ವರ್ಷ ಹೊಣೆಯ ಕೆಲಸ ಮಾಡಿದವರು ಮೆಂಬರ್, ಹಿರಿಯರು ಫೆಲೊ. ಹೆಸರಿನ ಮುಂದೆ ಎಎಂಐಇ, ಎಂಐಇ, ಎಫ್‌ಐಇ ಎಂದು ಕಾಣುವುದು ಇವೇ. ಈ ಅಕ್ಷರಗಳಿಂದ ಏನು ಸಿಗುತ್ತದೆ ಎಂದು ಕೇಳುವ ಮೊದಲು ಏನು ಸಿಗುವುದಿಲ್ಲ ಎಂಬುದನ್ನು ತಿಳಿದಿರಬೇಕು. ಇವು ವೃತ್ತಿಯ ಪರವಾನಗಿಯಲ್ಲ. ವಕೀಲರಿಗೆ 1961ರ ಕಾಯ್ದೆ ಇದೆ, ಲೆಕ್ಕಪರಿಶೋಧಕರಿಗೆ 1949ರದು, ವಾಸ್ತುಶಿಲ್ಪಿಗಳಿಗೆ 1972ರದು. ಎಂಜಿನಿಯರ್‌ಗಳಿಗೆ ಮಾತ್ರ ಅಂಥ ರಾಷ್ಟ್ರಮಟ್ಟದ ಕಾಯ್ದೆ ಇಲ್ಲ. ಕರಡು ಮಸೂದೆಗಳು ಬಂದದ್ದುಂಟು, ಕಾಯ್ದೆಯಾಗಲಿಲ್ಲ. ಗುಜರಾತ್ ಸಿವಿಲ್ ಎಂಜಿನಿಯರ್‌ಗಳಿಗಾಗಿ 2006ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಬಾರ್ ಕೌನ್ಸಿಲ್ ಸನ್ನದು ಕಿತ್ತುಕೊಂಡರೆ ವಕೀಲ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಸಂಸ್ಥೆ ಸದಸ್ಯತ್ವ ರದ್ದು ಮಾಡಿದರೂ ಎಂಜಿನಿಯರ್ ಮರುದಿನ ಸೈಟಿಗೆ ಹೋಗಬಹುದು. ಸೇತುವೆಗಳೂ ಬಹುಮಹಡಿ ಕಟ್ಟಡಗಳೂ ಇರುವ ದೇಶದಲ್ಲಿ ಇದು ಸಣ್ಣ ಕೊರತೆಯಲ್ಲ. ಸಂಸ್ಥೆಗೆ ತನ್ನದೇ ನೀತಿಸಂಹಿತೆ ಇದೆ, ಅದರ ಹಿಂದೆ ಕಾನೂನಿನ ಬಲವಿಲ್ಲ.

ಹಾಗಾಗಿ ಸದಸ್ಯತ್ವದ ಬೆಲೆ ಗೊತ್ತಾಗುವುದು ಕೆಲವೇ ಟೇಬಲ್‌ಗಳ ಮುಂದೆ. ಅವುಗಳಲ್ಲಿ ಮುಖ್ಯವಾದದ್ದು ಕಸ್ಟಮ್ಸ್. ವಿದೇಶದಿಂದ ಸೆಕೆಂಡ್‌ಹ್ಯಾಂಡ್ ಯಂತ್ರ ತರಿಸುವವರು ಚಾರ್ಟರ್ಡ್ ಎಂಜಿನಿಯರ್‌ನ ಪ್ರಮಾಣಪತ್ರ ಒದಗಿಸಬೇಕಾಗುತ್ತದೆ. ಉದಾಹರಣೆಗೆ, ಪೀಣ್ಯದ ಕಾರ್ಖಾನೆಯೊಂದು ಹಳೆಯ ಸಿಎನ್‌ಸಿ ಯಂತ್ರ ತರಿಸುತ್ತದೆ ಎನ್ನೋಣ. ಚಾರ್ಟರ್ಡ್ ಎಂಜಿನಿಯರ್ ಯಂತ್ರದ ಹತ್ತಿರ ಹೋಗಿ ನೇಮ್‌ಪ್ಲೇಟಿನ ಸೀರಿಯಲ್ ನಂಬರ್, ತಯಾರಾದ ವರ್ಷ ಬರೆದುಕೊಳ್ಳುತ್ತಾನೆ. ಹೊಸದಾಗಿದ್ದಾಗ ಅದರ ಬೆಲೆ ಎಷ್ಟಿತ್ತು, ಈಗ ಯಾವ ಸ್ಥಿತಿಯಲ್ಲಿದೆ, ರಿಪೇರಿಗೆ ಎಷ್ಟು ಹೋಗಿದೆ, ಇನ್ನೆಷ್ಟು ವರ್ಷ ದುಡಿದೀತು ಎಂಬುದನ್ನು ದಾಖಲಿಸಿ ಸೀಲು ಹಾಕುತ್ತಾನೆ. ಸುಂಕ ನಿಗದಿ ಮಾಡುವ ಅಧಿಕಾರಿ ನೋಡುವುದು ಈ ಕಾಗದವನ್ನು. ರಫ್ತು ಉತ್ತೇಜನ ಯೋಜನೆಗಳಲ್ಲೂ ಯಂತ್ರೋಪಕರಣದ ಮೌಲ್ಯಮಾಪನದಲ್ಲೂ ಇಂಥ ಪ್ರಮಾಣಪತ್ರ ಕೇಳುವುದು ವಾಡಿಕೆ. ಚಾರ್ಟರ್ಡ್ ಎಂಜಿನಿಯರ್ ಎಂಬ ಮನ್ನಣೆಯನ್ನು ಐಇಐ ಕೊಡುವುದು ತನ್ನ ಅನುಭವಿ ಸದಸ್ಯರಿಗೆ ಮಾತ್ರ. ಕಟ್ಟಡಗಳ ವಿಷಯದಲ್ಲಿ, ನಕ್ಷೆಗೆ ಸಹಿ ಹಾಕುವ ಎಂಜಿನಿಯರ್‌ನ ಅರ್ಹತೆಗಳಲ್ಲಿ ಪದವಿಯ ಜೊತೆಗೆ ಈ ಸಂಸ್ಥೆಯ ಸಿವಿಲ್ ವಿಭಾಗದ ಸದಸ್ಯತ್ವವನ್ನೂ ರಾಷ್ಟ್ರೀಯ ಕಟ್ಟಡ ಸಂಹಿತೆ ಒಪ್ಪುತ್ತದೆ. ಸ್ವಂತ ಕನ್ಸಲ್ಟೆನ್ಸಿ ನಡೆಸುವವರು, ನಿವೃತ್ತಿಯ ನಂತರ ಮೌಲ್ಯಮಾಪನಕ್ಕಿಳಿಯುವವರು ಸದಸ್ಯತ್ವ ಬಿಟ್ಟುಕೊಟ್ಟರೆ ಅನ್ನದ ದಾರಿಯೊಂದನ್ನು ಮುಚ್ಚಿಕೊಂಡಂತೆ.

ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ಈ ಸಂಸ್ಥೆಯ ಹೆಸರು ಹೊಕ್ಕದ್ದು ಮಾತ್ರ ಬೇರೆ ಬಾಗಿಲಿನಿಂದ. ಅದು ಎಎಂಐಇ ಪರೀಕ್ಷೆ. 1928ರಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ಸೆಕ್ಷನ್ ಎ, ಸೆಕ್ಷನ್ ಬಿ ಎಂದು ಎರಡು ಹಂತ. ಕಾಲೇಜಿಗೆ ಹೋಗಬೇಕಿಲ್ಲ, ಪಾಠ ಹೇಳುವವರೂ ಇಲ್ಲ. ಎರಡೂ ಮುಗಿಸಿದವರನ್ನು ಸರ್ಕಾರಿ ನೇಮಕಾತಿ ಮತ್ತು ಬಡ್ತಿಗೆ ಬಿಇ ಪದವೀಧರರ ಸಮಕ್ಕೆ ಎಣಿಸಲಾಗುತ್ತಿತ್ತು. ಡಿಪ್ಲೊಮಾ ಮುಗಿಸಿ ಸಾರ್ವಜನಿಕ ಉದ್ಯಮಗಳಿಗೆ, ರೈಲ್ವೆಗೆ, ಲೋಕೋಪಯೋಗಿ ಇಲಾಖೆಗೆ ಸೇರಿದವರು ಶಿಫ್ಟು ಮುಗಿಸಿ ಬಂದು ರಾತ್ರಿ ಓದಿದರು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕೈಯಿಂದ ಕೈಗೆ ದಾಟುತ್ತಿತ್ತು. ‘ಸೆಕ್ಷನ್ ಎ ಆಯಿತು, ಬಿಯಲ್ಲಿ ಎರಡು ಪೇಪರ್ ಉಳಿದಿವೆ’ ಎಂಬುದು ಅಂಥ ಮನೆಗಳಲ್ಲಿ ವರ್ಷಗಟ್ಟಲೆ ಕೇಳುತ್ತಿದ್ದ ಮಾತು. ಪಾಸಾಗುವುದು ಕಷ್ಟ ಎಂಬ ಹೆಸರಿತ್ತು, ಆ ಕಷ್ಟವೇ ಪರೀಕ್ಷೆಗೆ ಮರ್ಯಾದೆ ತಂದುಕೊಟ್ಟಿತ್ತು. ಮೇಲ್ವಿಚಾರಕನಾಗಿ ಸೇರಿದವನು ಸಹಾಯಕ ಎಂಜಿನಿಯರ್ ಆಗಿ ಮುಂದೆ ಬರಲು ಶುಲ್ಕ, ಪುಸ್ತಕ, ಹಟ ಇಷ್ಟೇ ಸಾಕಾಗುತ್ತಿತ್ತು. ಐಇಐ ಮಾಡಿದ ದೊಡ್ಡ ಕೆಲಸ ಯಾವುದು ಎಂದರೆ ಇದನ್ನೇ ಹೇಳಬೇಕು.

ಆ ಬಾಗಿಲು ಈಗ ಬಹುಮಟ್ಟಿಗೆ ಮುಚ್ಚಿದೆ. 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಹಳೆಯ ಸಮಾನತೆ ಉಳಿಯುತ್ತದೆ ಎಂದು ಕೇಂದ್ರ ಸರ್ಕಾರ ಗಡಿ ಎಳೆಯಿತು. ನಂತರ ಸೇರಿದವರಿಗೆ ಆ ಭರವಸೆ ಇಲ್ಲ. ಎಂಜಿನಿಯರಿಂಗ್ ಸೀಟಿಗೆ ಪರದಾಡುತ್ತಿದ್ದ ಕಾಲ ಹೋಗಿ ಸೀಟುಗಳು ಖಾಲಿ ಉಳಿಯುವ ಕಾಲ ಬಂದಿದೆ, ನಿಜ. ಆದರೆ ದುಡಿಯುತ್ತಲೇ ಓದಬೇಕಾದವರಿಗೆ ಖಾಲಿ ಸೀಟಿನಿಂದ ಪ್ರಯೋಜನವಿಲ್ಲ. ಕಾಲೇಜಿಗೆ ಹೋಗದೆ ಮುಗಿಸಬಹುದಾಗಿದ್ದ ಎಎಂಐಇಯಂಥ ದಾರಿ ಅವರಿಗೆ ಬೇಕಿತ್ತು.

ಎಂಜಿನಿಯರ್‌ಗಳಿಗೆ ಇರುವುದು ಐಇಐ ಒಂದೇ ಅಲ್ಲ. ರಸ್ತೆಯವರಿಗೆ 1934ರ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದೆ. ಡಾಂಬರು ರಸ್ತೆಯ ಪದರಗಳ ದಪ್ಪ ನಿಗದಿ ಮಾಡುವಾಗ ನೋಡುವ ಐಆರ್‌ಸಿ 37 ಅದರದೇ ಪ್ರಕಟಣೆ. ಕಾಂಕ್ರೀಟಿನವರಿಗೆ ಚೆನ್ನೈನಲ್ಲಿ 1982ರಲ್ಲಿ ಹುಟ್ಟಿದ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್, ಎಲೆಕ್ಟ್ರಾನಿಕ್ಸ್‌ನವರಿಗೆ 1953ರ ಐಇಟಿಇ, ವಿದ್ಯುತ್ ಮತ್ತು ಕಂಪ್ಯೂಟರ್ ಕ್ಷೇತ್ರದವರಿಗೆ ಅಮೆರಿಕ ಮೂಲದ ಐಇಇಇ. ಇಂಥ ಸಂಸ್ಥೆಗಳ ಮಾನದಂಡಗಳನ್ನು ಬರೆಯುವುದು ಸಮಿತಿಗಳಲ್ಲಿ ಕೂರುವ ಎಂಜಿನಿಯರ್‌ಗಳೇ. ಸೈಟಿನಲ್ಲಿ ಕಂಡ ತೊಂದರೆ ಮುಂದಿನ ಪರಿಷ್ಕರಣೆಗೆ ತಲುಪಬೇಕಾದರೆ ಅದನ್ನು ಕಂಡವರು ಆ ಸಮಿತಿಗಳಲ್ಲಿ ಇರಬೇಕು. ಕೆಲಸಕ್ಕೆ ಹತ್ತಿರವಾದ ಇಂಥ ಒಂದು ಸಂಸ್ಥೆಯಲ್ಲಿ ಕ್ರಿಯಾಶೀಲರಾಗಿರುವುದು, ಐದಾರು ಕಡೆ ಹಣ ಕಟ್ಟಿ ಯಾವುದಕ್ಕೂ ಹೋಗದಿರುವುದಕ್ಕಿಂತ ಎಷ್ಟೋ ಮೇಲು.

ಹಣದ ಲೆಕ್ಕ ಸುಲಭದ್ದು. ಐಇಐ ಸದಸ್ಯತ್ವಕ್ಕೆ ಒಮ್ಮೆ ಕಟ್ಟಿದರೆ ಆಜೀವ, ಆದ್ದರಿಂದ ಬಿಡುವುದರಿಂದ ಉಳಿಯುವುದೇನೂ ಇಲ್ಲ. ಐಇಇಇಯಂಥ ಕಡೆ ವರ್ಷವರ್ಷವೂ ಕಟ್ಟಬೇಕು, ಅಲ್ಲಿ ಪ್ರತಿ ವರ್ಷ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೆ: ಪತ್ರಿಕೆ ಓದಿದೆನೆ, ಸಮ್ಮೇಳನಕ್ಕೆ ಹೋದೆನೆ? ಕಂಪನಿಯೇ ಗ್ರಂಥಾಲಯದ ಚಂದಾ ಕೊಡುವ ಸಾಫ್ಟ್‌ವೇರ್ ಉದ್ಯೋಗಿಗೆ ಉತ್ತರ ಬಹಳ ಸಲ ಇಲ್ಲ ಎಂದೇ ಬರಬಹುದು. ಜಿಲ್ಲಾ ಊರಿನಲ್ಲಿ ಒಬ್ಬಂಟಿಯಾಗಿ ಸ್ಟ್ರಕ್ಚರಲ್ ಡಿಸೈನ್ ಮಾಡುವವರ ಸ್ಥಿತಿ ಬೇರೆ. ಅನುಮಾನ ಬಂದಾಗ ಹಿರಿಯರೊಬ್ಬರಿಗೆ ಫೋನು ಮಾಡಿ ಕೇಳುವಷ್ಟು ಪರಿಚಯ ಅವರಿಗೆ ಬೆಳೆಯುವುದು ಸ್ಥಳೀಯ ಕೇಂದ್ರದ ಉಪನ್ಯಾಸಗಳಲ್ಲೇ.

ವಿದೇಶಕ್ಕೆ ಹೋಗುವವರು ಒಂದು ವ್ಯತ್ಯಾಸ ಗಮನಿಸಬೇಕು. ಕುವೈತ್ 2018ರಲ್ಲಿ ಎಂಜಿನಿಯರ್‌ಗಳ ವಾಸದ ಪರವಾನಗಿ ನವೀಕರಣಕ್ಕೆ ಅಲ್ಲಿನ ಎಂಜಿನಿಯರ್‌ಗಳ ಸೊಸೈಟಿಯ ಒಪ್ಪಿಗೆ ಕಡ್ಡಾಯ ಮಾಡಿದಾಗ ಭಾರತೀಯರು ತೊಂದರೆಗೆ ಸಿಕ್ಕರು. ಅಲ್ಲಿ ಕೇಳಿದ್ದು ಓದಿದ ಕೋರ್ಸಿಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಇದೆಯೇ ಎಂದು. ವೃತ್ತಿಸಂಸ್ಥೆಯ ಸದಸ್ಯತ್ವ ಅದಕ್ಕೆ ಉತ್ತರವಲ್ಲ. ನಮ್ಮ ಕರಾವಳಿಯಿಂದ ಕೊಲ್ಲಿಗೆ ಹೊರಡುವ ಹುಡುಗರು ಕಾಲೇಜು ಆರಿಸುವಾಗಲೇ ಕೋರ್ಸಿನ ಮಾನ್ಯತೆಯನ್ನು ನೋಡಿಕೊಳ್ಳಬೇಕು. ಪದವಿಯಾದ ಮೇಲಿನ ಅನುಭವಕ್ಕೆ ಮನ್ನಣೆ ಕೊಡುವುದು ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಎಂಜಿನಿಯರ್ಸ್ ಅಗ್ರಿಮೆಂಟ್ ಎಂಬ ಅಂತರರಾಷ್ಟ್ರೀಯ ಒಪ್ಪಂದ. ಅದರಲ್ಲಿ ಭಾರತದ ಪ್ರತಿನಿಧಿ ಐಇಐ. ಈ ಒಪ್ಪಂದದಡಿಯ ಎಂಜಿನಿಯರ್‌ಗಳ ಪಟ್ಟಿಗೆ ಸೇರಲು ಪದವಿಯ ನಂತರ ಕನಿಷ್ಠ 7 ವರ್ಷದ ಅನುಭವ ಬೇಕು, ಅದರಲ್ಲಿ 2 ವರ್ಷ ಮಹತ್ವದ ಕೆಲಸವೊಂದರ ಹೊಣೆ ಹೊತ್ತಿರಬೇಕು, ಕಲಿಕೆ ಮುಂದುವರಿಸಿರುವುದಕ್ಕೆ ದಾಖಲೆಯೂ ಇರಬೇಕು. ಹಾಜರಾದ ಕಾರ್ಯಾಗಾರ, ಓದಿದ ಪ್ರಬಂಧ, ಕೊಟ್ಟ ಉಪನ್ಯಾಸ ಎಲ್ಲವನ್ನೂ ಆಗಿಂದಾಗ್ಗೆ ಬರೆದಿಡುವುದು ಒಳ್ಳೆಯದು. ಅರ್ಜಿ ಹಾಕುವ ಹೊತ್ತಿನಲ್ಲಿ ಹಳೆಯ ಪ್ರಮಾಣಪತ್ರಗಳನ್ನು ಹುಡುಕಿ ತೆಗೆಯುವುದು ಸುಲಭವಲ್ಲ.