ಮನೆಗೂ ಪಾಯಿಖಾನೆಗೂ ಮೊದಲು ಪಹಣಿ



ಇಂದಿನ ಮಾತು ಬಿತ್ತನೆಯದಲ್ಲ, ಔಷಧಿ ಸಿಂಪಡಿಸುವುದರದೂ ಅಲ್ಲ. ಗೊಬ್ಬರದ ಮಾತು ಮಾತ್ರ ಕೊನೆಯಲ್ಲಿ ಸ್ವಲ್ಪ ಬಂದೀತು. ನಮ್ಮ ನೆಲಮಂಗಲ ತಾಲ್ಲೂಕಿನ ಅರಿಶಿನಕುಂಟೆಯಂಥ ಊರುಗಳಲ್ಲಿ ಬಡವರ ಮನೆ, ಮನೆಯ ಹಿಂದಿನ ಪಾಯಿಖಾನೆ, ಹೆಣ್ಣುಮಕ್ಕಳ ಹೆಸರಿನ ಭೂಮಿ ಈ ಮೂರೂ ಒಂದಕ್ಕೊಂದು ಹೇಗೆ ಗಂಟುಬಿದ್ದಿವೆ ಎಂಬುದನ್ನು ಹೇಳಬೇಕೆಂದಿದ್ದೇನೆ.

ಮನೆ ಇಲ್ಲದವರಿಗೆ ಸಹಾಯ ಕೊಡುವ ಯೋಜನೆಗಳು ಬಹಳ ಕಾಲದಿಂದ ಉಂಟು. ಆದರೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಅರ್ಜಿ ಹಿಡಿದು ಬಂದಾಗ ಕೇಳುವ ಮೊದಲನೆ ಪ್ರಶ್ನೆ, "ಜಾಗ ಯಾರ ಹೆಸರಲ್ಲಿದೆ, ತಾಯಿ?" ಎಂಬುದು. "ನಮ್ಮ ಮಾವನ ಹೆಸರಲ್ಲೈತೆ ಸ್ವಾಮಿ, ಅವರು ಹೋಗಿ ಇಪ್ಪತ್ತು ವರ್ಷ ಆಯ್ತು" ಎಂಬ ಉತ್ತರವೇ ಹೆಚ್ಚು. ಅಲ್ಲಿಗೆ ಅರ್ಜಿ ನಿಂತಿತು. ಹಿತ್ತಲಲ್ಲಿ ಪಾಯಿಖಾನೆಗೆ ಗುಂಡಿ ತೋಡೋಣವೆಂದರೆ, "ಅದು ನನ್ನ ಭಾಗಕ್ಕೆ ಬರೋ ಜಾಗ" ಎಂದು ಮೈದುನ ಅಡ್ಡ ನಿಲ್ಲುತ್ತಾನೆ. ಹೊಲದ ಕಡೆಯೂ ಇದೇ ಕತೆ. ಕಳೆ ಕಿತ್ತವಳು ಆಕೆ, ರಾಗಿ ಕೊಯ್ದವಳು ಆಕೆ. ಬೆಳೆಸಾಲ, ಬೆಳೆ ಪರಿಹಾರ, ಪಿ.ಎಂ. ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಬರುವುದು ಮಾತ್ರ ಪಹಣಿಯಲ್ಲಿ ಹೆಸರಿದ್ದವರಿಗೆ. ರಸ್ತೆಗೋ ದಾಬಸ್‌ಪೇಟೆಯ ಕಡೆಯಂತೆ ಕೈಗಾರಿಕೆಗೋ ಜಮೀನು ಹೋದರೆ, ಪರಿಹಾರದ ನೋಟೀಸು ಹುಡುಕಿಕೊಂಡು ಬರುವುದೂ ಆ ಹೆಸರನ್ನೇ. ಆದುದರಿಂದ ಇಟ್ಟಿಗೆ, ಸಿಮೆಂಟಿನ ಲೆಕ್ಕಕ್ಕಿಂತ ಮೊದಲು ಹೆಸರಿನ ಲೆಕ್ಕ ನೋಡಬೇಕು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ಹಿರಿಯರು ಇನ್ನೂ ಹೇಳುವುದುಂಟು. ಕಾನೂನು ಹಾಗೆ ಹೇಳುವುದಿಲ್ಲ. ನಮ್ಮ ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಹೆಂಗಸರ ಹಕ್ಕಿನ ಕಾನೂನು ಮಾಡಿ ವಿಧವೆ, ತಾಯಿ, ಮದುವೆಯಾಗದ ಮಗಳು ಮೊದಲಾದವರಿಗೆ ಪಾಲಿನ ಮಾತು ಎತ್ತಿತ್ತು. 1956ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾನೂನು ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ತಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ತಂದೆ ಆ ದಿನಕ್ಕೆ ಬದುಕಿರಬೇಕೆ ಎಂಬ ವಾದ ಬಹಳ ದಿನ ನಡೆಯಿತು. ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟ್ರಿಯಾಗಿಯೋ ಕೋರ್ಟಿನ ಡಿಕ್ರಿಯಿಂದಲೋ ಆಗಿಹೋದ ವಿಭಾಗವನ್ನು ಮಾತ್ರ ಇದು ಕದಲಿಸುವುದಿಲ್ಲ. ಮುಸ್ಲಿಂ, ಕ್ರೈಸ್ತ ಮನೆಗಳಿಗೆ ಅವರವರ ಕಾನೂನಿನ ಲೆಕ್ಕ ಬೇರೆ. ಅಲ್ಲಿಯೂ ಹೆಂಡತಿ, ಮಗಳ ಪಾಲು ಇದ್ದೇ ಇದೆ.

ಒಂದು ಲೆಕ್ಕ ಹಾಕೋಣ. ಹಿಂದೂ ರೈತರೊಬ್ಬರು ತಾವೇ ದುಡಿದು ಕೊಂಡ ಎರಡು ಎಕರೆ ಬಿಟ್ಟು ತೀರಿಕೊಂಡರು ಎಂದಿಟ್ಟುಕೊಳ್ಳಿ. ಉಯಿಲು ಬರೆದಿಲ್ಲ. ವಯಸ್ಸಾದ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬಳು ಮಗಳು ಇದ್ದಾರೆ. ಎರಡು ಎಕರೆಗೆ ಎಂಬತ್ತು ಗುಂಟೆ. ಐದು ಜನಕ್ಕೂ ಸಮಪಾಲು, ತಲೆಗೆ ಹದಿನಾರು ಗುಂಟೆ. ತಾಯಿಗೂ ಹದಿನಾರು, ಮಗಳಿಗೂ ಹದಿನಾರು. ಹೆಂಡತಿ ಮುಂದೆ ಮರುಮದುವೆಯಾದರೂ ಆಕೆಗೆ ಬಂದ ಪಾಲು ಹೋಗುವುದಿಲ್ಲ. ಆಕೆ ಪೂರ್ತಿ ಒಡತಿ, ಬದುಕಿರುವ ತನಕ ಅನುಭವಿಸುವವಳು ಮಾತ್ರ ಅಲ್ಲ.

ಹಕ್ಕು ಇದ್ದರೂ ಅದು ಕಾಗದದ ಮೇಲೆ ಕಾಣಬೇಕಲ್ಲ! ಅದಕ್ಕೆ ಪೌತಿ ಖಾತೆ ಎಂಬುದುಂಟು. ಸತ್ತವರ ಮರಣ ಪತ್ರ, ವಂಶವೃಕ್ಷ, ಪಹಣಿ ಇಷ್ಟನ್ನು ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಹಿಂದೆ ಶ್ಯಾನುಭೋಗರು ನೋಡುತ್ತಿದ್ದ ಕೆಲಸವನ್ನು ಈಗ ಗ್ರಾಮ ಆಡಳಿತ ಅಧಿಕಾರಿ ನೋಡುತ್ತಾರೆ. ನೋಟೀಸು ಹೊರಡಿಸಿ, ತಕರಾರು ಹೇಳುವವರಿಗೆ ಅವಕಾಶ ಕೊಟ್ಟು, ಆಮೇಲೆ ಹೆಸರು ಬದಲಾಯಿಸುತ್ತಾರೆ. ಇಲ್ಲಿ ಒಂದು ಕಡೆ ಕಣ್ಣಿಡಿ. ವಂಶವೃಕ್ಷ ಬರೆಸುವಾಗ "ಹೆಣ್ಣುಮಕ್ಕಳು ಯಾಕೆ, ಅವರು ಕೊಟ್ಟ ಮನೇಲಿ ಚೆನ್ನಾಗವ್ರೆ" ಎಂದು ಮಗಳ ಹೆಸರನ್ನು ಬಿಟ್ಟುಬಿಡುವುದುಂಟು. ಬಿಟ್ಟರೆ ಮುಂದಿನ ಎಲ್ಲ ಕಾಗದದಲ್ಲೂ ಆಕೆ ಇಲ್ಲದವಳೇ ಆಗುತ್ತಾಳೆ, ಹತ್ತು ವರ್ಷದ ಮೇಲೆ ಅಣ್ಣತಂಗಿ ಕೋರ್ಟಿನ ಕಟ್ಟೆ ಹತ್ತುತ್ತಾರೆ. ಹೊಸ ಪಹಣಿ ಕೈಗೆ ಬಂದಾಗ ಒಂಬತ್ತನೆ ಅಂಕಣ ಓದಿಸಿ ನೋಡಿ. ಒಡೆಯರ ಹೆಸರು ಇರುವುದು ಅಲ್ಲಿ. ಎಲ್ಲರ ಹೆಸರಿನ ಜಂಟಿ ಖಾತೆಯಾದರೂ ಸರಿ, ಹೆಂಗಸರ ಹೆಸರು ಕಾಣಬೇಕು. ಖಾತೆಯೇ ಹಕ್ಕಲ್ಲ, ಅದು ಹಕ್ಕಿನ ಗುರುತು. ಆದರೆ ಕಚೇರಿಗಳು ಮೊದಲು ಕೇಳುವುದು ಆ ಗುರುತನ್ನೇ.

ಇನ್ನೊಂದು ವಿಷಯವನ್ನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಗಿದೆ. ಈ ಸೀಮೆಯಲ್ಲಿ ಭೂಮಿಯ ಬೆಲೆ ಏರಿದ ಮೇಲೆ ಹಕ್ಕು ಬಿಡುಗಡೆ ಪತ್ರಗಳೂ ಹೆಚ್ಚಾಗಿವೆ. ತಂಗಿಯನ್ನು ಹಬ್ಬಕ್ಕೆ ಕರೆಯುತ್ತಾರೆ, ಸೀರೆ ಉಡಿಸುತ್ತಾರೆ, ಅರಿಶಿನ ಕುಂಕುಮ ಕೊಡುತ್ತಾರೆ, ಮಾರನೆ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸುತ್ತಾರೆ. ಒಪ್ಪಿ, ತಿಳಿದು ಬಿಟ್ಟುಕೊಟ್ಟರೆ ಅದು ಆಕೆಯ ಇಷ್ಟ. ತಿಳಿಯದೆ ಒತ್ತಿದ ಹೆಬ್ಬೆಟ್ಟನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ಅಕ್ಕತಂಗಿಯರೆ, ಪತ್ರವನ್ನು ಮನೆಗೆ ತಂದು, ಓದುಬಲ್ಲ ನಂಬಿಕಸ್ತರಿಂದ ಪೂರ್ತಿ ಓದಿಸಿ, ಆಮೇಲೆ ಯೋಚಿಸಿ. ಹೆಂಗಸರಿಗೆ ವರಮಾನ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ವಕೀಲರ ನೆರವು ಪುಕ್ಕಟೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಬಹುದು, 15100ಕ್ಕೆ ಫೋನೂ ಮಾಡಬಹುದು.

ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಕಾಯಿದೆಯ ಕಾವಲಿದೆ. ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಹಾಗೆ ಕೈಬಿಟ್ಟುಹೋದ ಜಮೀನನ್ನು ವಾಪಸು ಕೇಳಲು ಕಾಲದ ಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳಿಗೆ ಕೊಡಬೇಕು.

ಇನ್ನು ಮನೆಯ ಮಾತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ವಸತಿ ಯೋಜನೆಯಲ್ಲಿ ಮನೆಯ ಅಳತೆ ಅಡಿಗೆ ಜಾಗವೂ ಸೇರಿ ಕಡಿಮೆಯೆಂದರೆ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ಬಯಲುಸೀಮೆಗೆ ಗೊತ್ತುಮಾಡಿದ ಸಹಾಯ 1,20,000 ರೂಪಾಯಿ. ಮಂಜೂರಾತಿ ಮನೆಯಾಕೆಯ ಹೆಸರಿನಲ್ಲಿ, ಇಲ್ಲವೆ ಗಂಡಹೆಂಡಿರ ಜಂಟಿ ಹೆಸರಿನಲ್ಲಿ ಆಗಬೇಕೆಂಬುದು ಅದರ ನಿಯಮ. ರಾಜ್ಯದ ಯೋಜನೆಗಳಲ್ಲಿ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆಯಲ್ಲಿ. ಗ್ರಾಮಸಭೆಗೆ ಹೆಂಗಸರು ಹೋಗದಿದ್ದರೆ ಪಟ್ಟಿಯಲ್ಲಿ ಯಾರ ಹೆಸರು ಬರುತ್ತದೆಂದು ನಾನು ಹೇಳಬೇಕಾಗಿಲ್ಲ. ಊರು ಪೇಟೆಗೆ ಸೇರಿಹೋಗಿದ್ದರೆ ಅರ್ಜಿ, ಖಾತೆ ಎರಡೂ ನಗರಸಭೆಯ ಕಡೆಗೆ ತಿರುಗುತ್ತವೆ.

ಕಟ್ಟುವಾಗ ಪಾಯ ಎತ್ತರಿಸಿ, ಅಡಿಗೆಮನೆಗೆ ಹೊಗೆ ಹೋಗುವ ದಾರಿ ಬಿಡಿಸಿ, ದನದ ಕೊಟ್ಟಿಗೆಯನ್ನು ಮನೆಯಿಂದ ಬೇರೆ ಮಾಡಿ. ನಮ್ಮ ಕೆಂಪು ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗೆ ಸೌದೆಯ ಗೂಡೇ ಬೇಡ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ಈಗ ಪಾಯಿಖಾನೆ. ಕತ್ತಲಾಗುವ ತನಕ ತಡೆದುಕೊಳ್ಳುವ ಸಂಕಟ ಗಂಡಸರಿಗೆ ಹೇಳಿದರೂ ತಿಳಿಯದು. ಸ್ವಚ್ಛ ಭಾರತ ಯೋಜನೆ 2014ರ ಅಕ್ಟೋಬರ್ 2ರಂದು ಶುರುವಾಗಿ ಮನೆಗೆ 12,000 ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಿತು. ಕಟ್ಟಿದವರು ಅನೇಕರು. ಆದರೆ ಒಂದೇ ದೊಡ್ಡ ಗುಂಡಿ ತೋಡಿ, "ಜನ್ಮಕ್ಕೆ ತುಂಬೋದಿಲ್ಲ" ಎಂದು ಬೀಗುವವರನ್ನು ಕಂಡರೆ ನನಗೆ ಸಮಾಧಾನವಿಲ್ಲ. ಆಳ ಹೆಚ್ಚಿದಷ್ಟೂ ಕೊಳಕು ಕುಡಿಯುವ ನೀರಿಗೆ ಹತ್ತಿರವಾಗುತ್ತದೆ. ತುಂಬಿದ ದಿನ ಅದನ್ನು ತೆಗೆಯುವವರು ಯಾರು? ಮನುಷ್ಯರ ಕೈಯಲ್ಲಿ ಹಸಿ ಮಲ ಬಾಚಿಸುವುದು ಕಾನೂನಿನಲ್ಲಿ ಅಪರಾಧ.

ಎರಡು ಗುಂಡಿ ತೋಡಿ. ಒಂದೊಂದೂ ಸುಮಾರು ಮೂರಡಿ ಅಗಲ, ಮೂರೂವರೆ ಅಡಿ ಆಳ ಇದ್ದರೆ ಐದಾರು ಜನರ ಮನೆಗೆ ಸಾಕು. ಎರಡರ ನಡುವೆ ಗುಂಡಿಯ ಆಳದಷ್ಟು ಅಂತರ ಬಿಡಿ. ಬಾವಿ, ಕೊಳವೆಬಾವಿಯಿಂದ ಮೂವತ್ತಮೂರು ಅಡಿಯಾದರೂ ದೂರವಿರಲಿ. ಒಳಗೆ ಇಟ್ಟಿಗೆಯನ್ನು ಜೇನುಗೂಡಿನಂತೆ ಸಂದು ಬಿಟ್ಟು ಕಟ್ಟಬೇಕು. ತಳಕ್ಕೆ ಸಿಮೆಂಟು ಹಾಕಬಾರದು, ನೀರು ಮಣ್ಣಿಗೆ ಇಂಗಿಹೋಗಲಿ. ಮೇಲೆ ಕಲ್ಲು ಚಪ್ಪಡಿ ಭದ್ರವಾಗಿ ಮುಚ್ಚಿ. ಬೇಸಿನ್ನು ಇಳಿಜಾರು ಹೆಚ್ಚಿದ್ದು, ಕೊಳವೆಯ ಬಾಗಿನಲ್ಲಿ ನೀರು ನಿಲ್ಲುವಂಥದಾಗಿರಲಿ. ಆಗ ವಾಸನೆ, ನೊಣ ಮೇಲೆ ಬರುವುದಿಲ್ಲ, ಒಂದೂವರೆ ಎರಡು ಲೀಟರು ನೀರು ಸುರಿದರೆ ಸಾಕು. ನೀರು ಹೊತ್ತು ತರುವವರು ಹೆಂಗಸರಾದ್ದರಿಂದ ಇದು ಸಣ್ಣ ಮಾತಲ್ಲ. ಬಚ್ಚಲ ನೀರನ್ನು ಈ ಗುಂಡಿಗೆ ಬಿಡಬೇಡಿ. ಅದು ಬಾಳೆಯ ಬುಡಕ್ಕೆ ಹೋಗಲಿ.

ಕವಲು ಚೇಂಬರಿನಲ್ಲಿ ಒಂದು ದಾರಿಯನ್ನು ಇಟ್ಟಿಗೆಯಿಂದ ಮುಚ್ಚಿ, ಒಂದೇ ಗುಂಡಿ ಬಳಸಿ. ಮೂರು ವರ್ಷವಾದರೂ ಬರುತ್ತದೆ. ತುಂಬಿದಾಗ ಇಟ್ಟಿಗೆಯನ್ನು ಆಚೆ ದಾರಿಗೆ ಇಟ್ಟು, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಡಿ. ಜಂತುಹುಳುವಿನ ಮೊಟ್ಟೆ ಬಹಳ ಗಟ್ಟಿ, ಅವಸರ ಮಾಡಬಾರದು. ಆಮೇಲೆ ತೆಗೆದರೆ ಕಪ್ಪು ಪುಡಿ, ವಾಸನೆಯಿಲ್ಲ. ತೆಂಗು, ಮಾವಿನ ಪಾತಿಗೆ ಹಾಕಿ ಮಣ್ಣು ಮುಚ್ಚಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ.

ಈಗಾಗಲೇ ಒಂದೇ ಗುಂಡಿ ಕಟ್ಟಿಕೊಂಡಿರುವವರು ಪಕ್ಕದಲ್ಲಿ ಎರಡನೆಯದನ್ನು ತೋಡಿ ಕವಲು ಹಾಕಿಸಬಹುದು. ಜಾಗವಿಲ್ಲದೆ ಟ್ಯಾಂಕರು ತರಿಸುವವರು, ಆ ಹಸಿ ಗಸಿಯನ್ನು ಹೊಲಕ್ಕೋ ಹಳ್ಳಕ್ಕೋ ಸುರಿಯಲು ಬಿಡಬೇಡಿ. ದೇವನಹಳ್ಳಿಯಲ್ಲಿ 2015ರಲ್ಲಿ ಇದನ್ನು ಶುದ್ಧಿಮಾಡಿ ಗೊಬ್ಬರ ಮಾಡುವ ಘಟಕವನ್ನು ಪುರಸಭೆಯವರು ನಡೆಸತೊಡಗಿದರು. ಟ್ಯಾಂಕರಿನವನಿಗೆ ಹಣ ಕೊಡುವ ಮೊದಲು, ಎಲ್ಲಿಗೆ ಒಯ್ಯುತ್ತೀಯಪ್ಪ ಎಂದು ಒಂದು ಮಾತು ಕೇಳಿ.