ಸುಣ್ಣಗಲ್ಲಿನ ಸೀಮೆಯಲ್ಲಿ ವಿದ್ಯಾರ್ಥಿಯ ಮೊದಲ ಕಾರು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಿಂದ ಉನ್ನತ ಶಿಕ್ಷಣಕ್ಕಾಗಿ ಕಲಬುರಗಿ ನಗರಕ್ಕೆ ಓಡಾಡುವ ವಿದ್ಯಾರ್ಥಿಗಳ ಮನೆಗಳಲ್ಲಿ ಹಳೆಯ ಕಾರೊಂದನ್ನು ಕೊಳ್ಳುವ ಮಾತು ಬಂದಾಗ, ಚರ್ಚೆ ಸಾಮಾನ್ಯವಾಗಿ ಯಾವ ಕಂಪನಿಯದು, ಎಷ್ಟು ಮೈಲೇಜು ಎಂಬಲ್ಲಿಂದಲೇ ಆರಂಭವಾಗುತ್ತದೆ. ಆದರೆ ಈ ಐದು ಊರುಗಳ ಮಟ್ಟಿಗೆ ಮೊದಲು ಕೇಳಬೇಕಾದದ್ದು ಕಾರು ಬೇಕೇ ಎಂಬುದನ್ನು, ಅದಕ್ಕೆ ಉತ್ತರವೂ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಶಹಾಬಾದ್ ಮತ್ತು ವಾಡಿ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲೆಯೇ ಇವೆ. ನಿಜಾಮರ ಆಡಳಿತದಲ್ಲಿ 1874ರಲ್ಲಿ ಆರಂಭವಾದ ವಾಡಿ–ಸಿಕಂದರಾಬಾದ್ ಮಾರ್ಗ ಚಿತ್ತಾಪುರ ಮತ್ತು ಸೇಡಂಗಳನ್ನು ವಾಡಿ ಜಂಕ್ಷನ್ನಿಗೆ ಜೋಡಿಸಿದೆ. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಕಾಲೇಜಿನ ವೇಳೆಗೆ ಹೊಂದುವ ರೈಲು ಸಿಗುವ ವಾಡಿಯ ವಿದ್ಯಾರ್ಥಿಗೆ ಕಾರು ಬಹುಮಟ್ಟಿಗೆ ಅನುಕೂಲದ ವಸ್ತು. ಕಲಬುರಗಿಯಿಂದ 80 ಕಿಲೋಮೀಟರಿಗೂ ಆಚೆ ಇರುವ ಚಿಂಚೋಳಿಯ, ಅದರಲ್ಲೂ ಕೊಂಚಾವರಂ ಕಾಡಿನ ಅಂಚಿನ ಹಳ್ಳಿಗಳ ಮನೆಗೆ ಅದು ಆಸ್ಪತ್ರೆಯ ತುರ್ತಿನಿಂದ ಹಿಡಿದು ಸಂತೆಯ ತನಕ ಎಲ್ಲಕ್ಕೂ ಒದಗುವ ವಾಹನ.

ಕಾರಿನ ಬೆಲೆಗಿಂತ ಅದನ್ನು ಓಡಿಸುವ ವೆಚ್ಚವೇ ವಿದ್ಯಾರ್ಥಿಯನ್ನು ಬಳಲಿಸುತ್ತದೆ. ಸೇಡಂನಿಂದ ಕಲಬುರಗಿಗೆ ಸುಮಾರು 55 ಕಿಲೋಮೀಟರ್ ಎಂದು ಹಿಡಿದರೆ ಹೋಗಿಬರುವ ದಾರಿ 110 ಕಿಲೋಮೀಟರ್ ಆಗುತ್ತದೆ. ಲೀಟರಿಗೆ 18 ಕಿಲೋಮೀಟರ್ ಕೊಡುವ ಸಣ್ಣ ಪೆಟ್ರೋಲ್ ಕಾರಿಗೆ ದಿನಕ್ಕೆ ಆರು ಲೀಟರಿಗಿಂತ ತುಸು ಹೆಚ್ಚು ಬೇಕು, ಲೀಟರಿಗೆ 100 ರೂಪಾಯಿಯ ಲೆಕ್ಕ ಹಾಕಿದರೂ ತಿಂಗಳಲ್ಲಿ 22 ದಿನಗಳ ಓಡಾಟಕ್ಕೆ ಇಂಧನವೊಂದೇ 13 ಸಾವಿರ ರೂಪಾಯಿ ದಾಟುತ್ತದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ರಿಯಾಯಿತಿ ಪಾಸಿಗೆ ಇದನ್ನು ಹೋಲಿಸುವುದೇ ವ್ಯರ್ಥ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಬಳಿಕ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವೇ ಆಗಿದೆ. ಆದ್ದರಿಂದ ಕಾರು ದಿನವೂ ಒಬ್ಬನನ್ನೇ ಹೊತ್ತು ಓಡುವುದಾದರೆ ಅದು ಅಗ್ಗದ ಕಾರಾಗಲಾರದು. ನಾಲ್ವರು ಗೆಳೆಯರು ಪೆಟ್ರೋಲಿನ ಖರ್ಚನ್ನು ಹಂಚಿಕೊಂಡು ಹೋಗುವುದು ಸಹಜವಾದ ಪರಿಹಾರ, ಆದರೆ ಸೀಟಿಗೆ ಇಷ್ಟು ಎಂದು ಹಣ ಪಡೆದು ಜನರನ್ನು ಕೂರಿಸಿಕೊಂಡರೆ ಖಾಸಗಿ ನೋಂದಣಿಯ ಬಿಳಿ ಫಲಕದ ಕಾರು ಪರವಾನಗಿಯಿಲ್ಲದ ಬಾಡಿಗೆ ವಾಹನವಾಗುತ್ತದೆ. ಅಪಘಾತವಾದಾಗ ವಿಮಾ ಕಂಪನಿ ಪರಿಹಾರ ನಿರಾಕರಿಸಲು ಅಷ್ಟು ಕಾರಣ ಸಾಕು.

ಕೊಳ್ಳುವುದು ನಿಶ್ಚಯವಾದರೆ, ವಿದ್ಯಾರ್ಥಿಯ ಕೈಗೆ ಎಟಕುವವು ಹೆಚ್ಚಾಗಿ ಹಳೆಯ ಸಣ್ಣ ಪೆಟ್ರೋಲ್ ಕಾರುಗಳು: 2000ದಿಂದ ಮಾರುಕಟ್ಟೆಯಲ್ಲಿದ್ದ ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಹ್ಯುಂಡೈನ ಸ್ಯಾಂಟ್ರೊ ಮತ್ತು ಐ10, ಟಾಟಾದ ಟಿಯಾಗೊ. ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದ ಮೇಲೆ ಹೊಸ ಕಾರಿನ ಬೆಲೆಯೂ ತಗ್ಗಿರುವುದರಿಂದ, ಹಳೆಯ ಕಾರಿಗೆ ಹಿಂದಿನ ಲೆಕ್ಕದ ಬೆಲೆ ಹೇಳುವ ಮಾರಾಟಗಾರನೊಡನೆ ಚೌಕಾಸಿ ಮಾಡುವುದು ನ್ಯಾಯವೇ. ಡೀಸೆಲ್ ಕಾರಿನ ಆಸೆ ಇಲ್ಲಿ ಇನ್ನೂ ಪೂರ್ತಿ ಹೋಗಿಲ್ಲವಾದರೂ, ಅದರ ಇಂಧನ ಪಂಪು ಅಥವಾ ಟರ್ಬೊ ಕೈಕೊಟ್ಟಾಗ ಬರುವ ಒಂದೇ ಬಿಲ್ಲು ವರ್ಷಗಳ ಉಳಿತಾಯವನ್ನು ನುಂಗಬಲ್ಲದು.

ಎಂಜಿನ್ನಿನೊಳಗಿನ ಒಂದು ಸಂಗತಿಯನ್ನು ಕೇಳಿ ತಿಳಿಯುವುದು ಒಳ್ಳೆಯದು. ಕ್ರ್ಯಾಂಕಿನ ತಿರುಗುವಿಕೆಗೆ ಸರಿಯಾಗಿ ವಾಲ್ವುಗಳು ತೆರೆದು ಮುಚ್ಚುವಂತೆ ಮಾಡುವ ಜೋಡಣೆಗೆ ಟೈಮಿಂಗ್ ಎನ್ನುತ್ತಾರೆ. 796 ಸಿಸಿಯ ಹಳೆಯ ಆಲ್ಟೊದಲ್ಲಿ ಅದು ರಬ್ಬರಿನ ಬೆಲ್ಟು, ಆಲ್ಟೊ ಕೆ10ರಲ್ಲಿ ಲೋಹದ ಚೈನು. ಬೆಲ್ಟಿಗೆ ತಯಾರಕರು ನಿಗದಿಪಡಿಸಿದ ಆಯುಷ್ಯವಿದ್ದು, ಅದನ್ನು ಯಾವಾಗ ಬದಲಿಸಲಾಯಿತು ಎಂಬುದಕ್ಕೆ ಸರ್ವಿಸ್ ದಾಖಲೆ ಇಲ್ಲದಿದ್ದರೆ ಬದಲಿಸುವ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿ ಎಣಿಸಬೇಕು. 2023ರ ಏಪ್ರಿಲ್‌ಗಿಂತ ಮುಂಚಿನ ಹೆಚ್ಚಿನ ಕಾರುಗಳು ಶೇ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆಂದು ರೂಪುಗೊಂಡವಲ್ಲವಾದ್ದರಿಂದ, ಇಂಧನ ಸಾಗುವ ರಬ್ಬರ್ ಕೊಳವೆಗಳನ್ನೂ ಒಮ್ಮೆ ನೋಡಿಸಬೇಕು. ಸುರಕ್ಷತೆಯ ವಿಷಯದಲ್ಲಿ 2019 ಒಂದು ಗಡಿರೇಖೆ: ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎಬಿಎಸ್ ಆ ವರ್ಷದ ಏಪ್ರಿಲ್‌ನಿಂದಲೂ, ಚಾಲಕನ ಏರ್‌ಬ್ಯಾಗ್ ಜುಲೈನಿಂದಲೂ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದವು. ಟಿಪ್ಪರುಗಳ ನಡುವೆ ದಿನವೂ ಸಾಗಬೇಕಾದ ದಾರಿಯಲ್ಲಿ, ಅಲಾಯ್ ಚಕ್ರವೂ ದೊಡ್ಡ ಸ್ಪೀಕರೂ ಇರುವ 2014ರ ಕಾರಿಗಿಂತ ಏನೂ ಅಲಂಕಾರವಿಲ್ಲದ 2020ರ ಕಾರೇ ಮೇಲು.

ಇವೆಲ್ಲ ಯಾವ ಊರಿನ ಗಿರಾಕಿಗಾದರೂ ಹೇಳಬಹುದಾದ ಮಾತುಗಳು. ಈ ಸೀಮೆಯ ಕಾರಿನ ನಿಜವಾದ ಪರೀಕ್ಷಕರು ಇಲ್ಲಿನ ಕಲ್ಲು, ಮಣ್ಣು ಮತ್ತು ನೀರು. ಶಹಾಬಾದ್ ಫರಸಿ ಎಂದು ಮನೆಮನೆಯ ನೆಲಕ್ಕೆ ಹಾಸುವ ಕಲ್ಲು ಭೀಮಾ ಕಣಿವೆಯ ಸುಣ್ಣಗಲ್ಲು. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ ಸಿಮೆಂಟ್ ಕಾರ್ಖಾನೆಗಳು ಇಲ್ಲಿ ನೆಲೆಗೊಂಡದ್ದೂ ಅದೇ ಕಲ್ಲಿನ ಆಸರೆಯಲ್ಲಿ. ಗಣಿ ಮತ್ತು ಕಾರ್ಖಾನೆಗಳ ಸುತ್ತಲಿನ ರಸ್ತೆಗಳ ಧೂಳು ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಏರ್ ಫಿಲ್ಟರನ್ನು ಬೇಗ ಕಟ್ಟಿಹಾಕುತ್ತದೆ. ಹಿಂದಿನ ಮಾಲೀಕ ಅದನ್ನು ಕಾಲಕ್ಕೆ ಸರಿಯಾಗಿ ಬದಲಿಸದೆ, ಹರಿದ ಫಿಲ್ಟರಿನಲ್ಲೇ ಓಡಿಸಿದ್ದರೆ ಆ ಪುಡಿ ಸಿಲಿಂಡರಿನೊಳಗೆ ಸೇರಿ ಪಿಸ್ಟನ್ ರಿಂಗುಗಳನ್ನು ಸವೆಸಿರುತ್ತದೆ, ಆಗ ಎಂಜಿನ್ ಆಯಿಲ್ ಸುಟ್ಟು ಹೊಗೆಕೊಳವೆಯಿಂದ ನೀಲಿ ಹೊಗೆ ಬರುತ್ತದೆ. ಆದ್ದರಿಂದ ಕಾರನ್ನು ನೋಡಲು ಹೋಗುವಾಗ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿ, ಎದುರಿನಲ್ಲೇ ಚಾಲೂ ಮಾಡಿಸುವುದು ಜಾಣತನ; ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷಗಳನ್ನು ಚೆನ್ನಾಗಿಯೇ ಮುಚ್ಚಿಡುತ್ತದೆ. ಸಿಮೆಂಟ್ ಧೂಳು ಕೂತ ಬಣ್ಣದ ಮೇಲೆ ರಾತ್ರಿಯ ಇಬ್ಬನಿ ಬಿದ್ದರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಬಣ್ಣವೂ ಗಾಜೂ ಗೀರು ಬೀಳುತ್ತವೆ. ಅಂಥ ಗೀರುಗಳು ನೋಟಕ್ಕೆ ಕೆಟ್ಟವಾದರೂ ಬೆಲೆ ಇಳಿಸಲು ಒದಗುವ ನೆಪಗಳೇ ಹೊರತು ಕಾರನ್ನು ಬಿಡಲು ಕಾರಣಗಳಲ್ಲ.

ಸುಣ್ಣಗಲ್ಲಿನ ನೆಲದ ಕೊಳವೆಬಾವಿ ನೀರು ಗಡುಸು. ರೇಡಿಯೇಟರಿಗೆ ಕೂಲಂಟ್ ಎಂಬ ಬಣ್ಣದ ದ್ರವವನ್ನು ಹಾಕುವ ಬದಲು ಈ ನೀರನ್ನೇ ಸುರಿಯುತ್ತಾ ಬಂದಿದ್ದರೆ, ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿಯ ಪದರ ಒಳಗಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡು, ಬಿಸಿಲು 42 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಎ.ಸಿ. ಹಾಕಿದೊಡನೆ ಎಂಜಿನ್ನಿನ ಶಾಖದ ಮುಳ್ಳು ಮೇಲೇರುತ್ತದೆ. ಎಂಜಿನ್ ಪೂರ್ಣ ತಣಿದ ಮೇಲೆ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದಾಗ ಕಾಣುವುದು ಸ್ವಚ್ಛ ಬಣ್ಣದ ದ್ರವವೋ, ತುಕ್ಕು ಬೆರೆತ ಕೆಂಚು ನೀರೋ ಎಂಬುದು ಆ ಕಾರಿನ ಚರಿತ್ರೆಯನ್ನು ಮಾರಾಟಗಾರನ ಮಾತಿಗಿಂತ ಪ್ರಾಮಾಣಿಕವಾಗಿ ಹೇಳುತ್ತದೆ.

ತೊಗರಿ ಬೆಳೆಯುವ ಕಪ್ಪು ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಅದರ ಮೇಲಿನ ಡಾಂಬರು ರಸ್ತೆ ಅಲೆಯಲೆಯಾಗಿ ಏರಿಳಿಯುತ್ತದೆ, ಕಲ್ಲು ಹೊತ್ತ ಲಾರಿಗಳ ಭಾರ ಉಳಿದ ಕೆಲಸ ಮುಗಿಸುತ್ತದೆ. ಇದರ ಪೆಟ್ಟು ತಿನ್ನುವುದು ಸಸ್ಪೆನ್ಷನ್, ಎಂದರೆ ಚಕ್ರಕ್ಕೂ ಗಾಡಿಯ ದೇಹಕ್ಕೂ ನಡುವೆ ಕುಲುಕಾಟವನ್ನು ಹೀರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್ ಮೊದಲಾದವುಗಳ ಕೂಟ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಟಕಟಕ ಸದ್ದು ಬಂದರೆ, ಗ್ಯಾರೇಜಿನವರಿಗೆ ತೋರಿಸದೆ ಮುಂಗಡ ಕೊಡಬಾರದು. ಇದಕ್ಕೆ ಕಾಗಿಣಾ ನದಿಯನ್ನೂ ಸೇರಿಸಬೇಕು: ಮಳೆ ಹೆಚ್ಚಿದ ವರ್ಷಗಳಲ್ಲಿ ದಂಡೋತಿ ಮತ್ತು ಮಳಖೇಡದ ಸೇತುವೆಗಳು ಮುಳುಗುತ್ತವೆ, 2020ರ ಅಕ್ಟೋಬರ್‌ನಲ್ಲಿ ಜಿಲ್ಲೆಯಲ್ಲಿ ದೊಡ್ಡ ನೆರೆಯೇ ಬಂದಿತ್ತು. ನೀರಿನಲ್ಲಿ ನಿಂತಿದ್ದ ಕಾರನ್ನು ತೊಳೆದು ಮಾರುವವರಿಗೆ ಸೀಟಿನ ಕೆಳಗಿನ ಹಳಿಯ ತುಕ್ಕನ್ನೂ, ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದಾಗ ಕಾಣುವ ಮಣ್ಣಿನ ಗೆರೆಯನ್ನೂ ಅಳಿಸುವುದು ಕಷ್ಟ.

ಸೇಡಂ ಮತ್ತು ಚಿಂಚೋಳಿಗಳಿಗೆ ತೆಲಂಗಾಣ ಮಗ್ಗುಲಲ್ಲೇ ಇರುವುದರಿಂದ ಹೈದರಾಬಾದಿನ ಕಾರುಗಳ ಸೆಳೆತ ದೊಡ್ಡದು. ಟಿಎಸ್ ಅಥವಾ 2024ರಿಂದ ಬಂದ ಟಿಜಿ ಅಕ್ಷರಗಳ ಕಾರನ್ನು ತಂದು 12 ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಇಟ್ಟುಕೊಂಡರೆ, ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರದೊಂದಿಗೆ ಕೆಎ 32ರ ಹೊಸ ಸಂಖ್ಯೆ ಪಡೆದು, ಕಾರಿನ ವಯಸ್ಸಿಗೆ ತಕ್ಕಂತೆ ಇಳಿಯುವ ಆಜೀವ ತೆರಿಗೆಯನ್ನು ಕಟ್ಟಬೇಕು. ಈ ಮೊತ್ತ ಸೇರಿಸಿದ ಮೇಲೆ ಅಗ್ಗವೆನಿಸಿದ ಕಾರು ಕಲಬುರಗಿಯ ಕಾರಿನಷ್ಟೇ ದುಬಾರಿಯಾಗುವುದುಂಟು.

ಕಾಗದಪತ್ರಗಳಲ್ಲಿ ಅಸಡ್ಡೆ ಮಾಡುವ ರೂಢಿ ಇನ್ನೂ ಅಪಾಯದ್ದು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದಂತೆ, ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಸಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರದ ಹೊಣೆ ಹೊರಬೇಕಾದ ಮಾಲೀಕರು. ಹೀಗಾಗಿ 29 ಮತ್ತು 30ನೇ ನಮೂನೆಗಳನ್ನು ತುಂಬಿ ಹೆಸರು ಬದಲಾಯಿಸುವುದು ಮಾರುವವನಿಗೂ ಅಷ್ಟೇ ಹಿತ. ಹಳೆಯ ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ ಬ್ಯಾಂಕಿನ ಒಪ್ಪಿಗೆಯೊಡನೆ 35ನೇ ನಮೂನೆ ಕೊಟ್ಟು ಅದನ್ನು ಮೊದಲು ತೆಗೆಸಬೇಕು. ವಿಮೆಯಲ್ಲಿ ಮೂರನೆಯವರಿಗೆ ಆದ ಹಾನಿಯನ್ನು ಭರಿಸುವ ಭಾಗ ತಾನಾಗಿಯೇ ಹೊಸ ಮಾಲೀಕನಿಗೆ ವರ್ಗವಾಗುತ್ತದೆ, ಆದರೆ ಸ್ವಂತ ಕಾರಿನ ಹಾನಿಯ ಭಾಗ ಪಾಲಿಸಿಯ ಹೆಸರು ಬದಲಾಗುವ ತನಕ ವರ್ಗವಾಗುವುದಿಲ್ಲ, ಅದಕ್ಕೆ 14 ದಿನಗಳೊಳಗೆ ಅರ್ಜಿ ಕೊಡಬೇಕು; ಕ್ಲೇಮು ಮಾಡದ ವರ್ಷಗಳಿಗೆ ಶೇ 50ರ ತನಕ ಸಿಗುವ ರಿಯಾಯಿತಿ ಕಾರಿಗೆ ಸೇರಿದ್ದಲ್ಲ, ಹಿಂದಿನ ಮಾಲೀಕನಿಗೆ ಸೇರಿದ್ದು, ಆದುದರಿಂದ ಕೊಳ್ಳುವ ವಿದ್ಯಾರ್ಥಿ ಆ ರಿಯಾಯಿತಿ ಇಲ್ಲದ ಪೂರ್ಣ ಪ್ರೀಮಿಯಮ್ಮನ್ನೇ ತನ್ನ ಮೊದಲ ವರ್ಷದ ಲೆಕ್ಕದಲ್ಲಿ ಬರೆದುಕೊಳ್ಳಬೇಕು.